ಶ್ರವಣಸುಖ: ಪುರಾಣದ ಕಟ್ಟೆಯಿಂದ ಧ್ವನಿಪುಸ್ತಕದವರೆಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಶ್ರಾವಣಮಾಸ ಬಂತೆಂದರೆ ಮಠದ ಅಂಗಳದಲ್ಲಿಯೋ ಗುಡಿಯ ಮುಂದಿನ ಕಟ್ಟೆಯ ಮೇಲೆಯೋ ಪುರಾಣ ಹಚ್ಚುವ ವಾಡಿಕೆಯಿದೆ. ಹಚ್ಚುವುದೆಂಬ ಮಾತು ಇಲ್ಲಿ ದೀಪಕ್ಕೂ ಸಲ್ಲುತ್ತದೆ, ಪುರಾಣಕ್ಕೂ ಸಲ್ಲುತ್ತದೆ. ಗವಾಯಿಗಳು ಪೇಟಿ ಹಿಡಿದು ಷಟ್ಪದಿಯನ್ನು ಹಾಡುವರು. ತಬಲೆಯ ಸಾಥಿ ಇರುವುದು. ಪುರಾಣಿಕರು ಪದಪದವನ್ನೂ ಬಿಡಿಸಿ ಅರ್ಥ ಹೇಳುವರು. ಚಾಮರಸನ 'ಪ್ರಭುಲಿಂಗಲೀಲೆ'ಯನ್ನಾಗಲಿ, 1369ರಲ್ಲಿ ಭೀಮಕವಿ ರಚಿಸಿದ 'ಬಸವಪುರಾಣ'ವನ್ನಾಗಲಿ, 1584ರಲ್ಲಿ ವಿರೂಪಾಕ್ಷಪಂಡಿತ ಬರೆದ 'ಚೆನ್ನಬಸವಪುರಾಣ'ವನ್ನಾಗಲಿ ಕೈಯಲ್ಲಿ ಹಿಡಿದು ಓದಿದವರಿಗಿಂತ ಹೀಗೆ ಕುಳಿತು ಕೇಳಿದವರ ಸಂಖ್ಯೆ ಈ ಭಾಗದಲ್ಲಿ ಎಷ್ಟೋ ಪಾಲು ದೊಡ್ಡದು. ಆದುದರಿಂದ, ಪುಸ್ತಕವನ್ನು ಕಿವಿಯಿಂದ ಓದುವುದು ಕೈಫೋನಿನ ಕಾಲದ ಹೊಸ ಸೌಕರ್ಯವೆಂಬ ಇತ್ತೀಚಿನ ಮಾತನ್ನು ಇಲ್ಲಿಯ ಜನ ನಸುನಗೆಯಿಂದಲೇ ಕೇಳಬೇಕಾಗುತ್ತದೆ. ಧ್ವನಿಪುಸ್ತಕವೆಂಬ ಹೆಸರು ಹೊಸತು, ಸಂಗತಿ ಹಳೆಯದು.

ಹಳೆಯದೆಂದ ಮಾತ್ರಕ್ಕೆ ಎರಡೂ ಒಂದೇ ಎಂದು ಹೇಳಿ ಮುಗಿಸುವಂತಿಲ್ಲ. ಬಾನುಲಿ ನಾಟಕ, ಧ್ವನಿಸುರುಳಿ, ಧ್ವನಿಪುಸ್ತಕ ಇವು ಕೇಳುಗನಿಗೆ ಕೊಡುವ ಸುಖ ಯಾವ ಬಗೆಯದು, ಪುರಾಣದ ಕಟ್ಟೆ ಕೊಡುತ್ತಿದ್ದ ಸುಖದಲ್ಲಿ ಯಾವುದು ಉಳಿಯಿತು, ಯಾವುದು ಜಾರಿಹೋಯಿತು, ಶರಣಸಾಹಿತ್ಯವನ್ನು ಧ್ವನಿಗೆ ಅಳವಡಿಸುವಲ್ಲಿ ಈವರೆಗೆ ಹಿಡಿದ ದಾರಿ ಸರಿಯಾದುದೆ ಎಂಬ ಪ್ರಶ್ನೆಗಳು ವಿಮರ್ಶೆಯ ಪ್ರಶ್ನೆಗಳು. ಇವನ್ನು ಯಂತ್ರದ ಪ್ರಶ್ನೆಗಳೆಂದು ಬದಿಗಿರಿಸುವುದು ತರವಲ್ಲ.

ಮೊದಲು ಷಟ್ಪದಿಯ ಮಾತು. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳು ಇಪ್ಪತ್ತುಮೂರು ಮಾತ್ರೆಗಳಿಗೆ ಬೆಳೆದು ಒಂದು ಗುರುವಿನಲ್ಲಿ ನಿಲ್ಲುತ್ತವೆ. ಅಚ್ಚಿನ ಪುಟದಲ್ಲಿ ಇದು ಸಾಲುಗಳ ಉದ್ದಗಿಡ್ಡವಾಗಿ ಕಾಣುತ್ತದೆ, ಅಷ್ಟೆ. ಹಾಡುವಾಗಲಾದರೋ ಆ ಕೊನೆಯ ಗುರುವಿನ ಮೇಲೆ ಗವಾಯಿ ತನ್ನ ಉಸಿರನ್ನು ಇಳಿಸುತ್ತಾನೆ. ಕೇಳುವವನ ಮನಸ್ಸು ಹಿಂದಿನ ಮೂರು ಸಾಲುಗಳ ಅರ್ಥವನ್ನು ಅದೇ ಅವಕಾಶದಲ್ಲಿ ಕೂಡಿಸಿಕೊಳ್ಳುತ್ತದೆ. ಕವಿ ಈ ಛಂದಸ್ಸನ್ನು ಆರಿಸಿಕೊಂಡುದು ಕಿವಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ. ದ್ವಿತೀಯಾಕ್ಷರಪ್ರಾಸದ ಮಾತೂ ಹಾಗೆಯೇ. ಕಣ್ಣಿಗೆ ಅದು ಅಲಂಕಾರವಾಗಿ ತೋರುತ್ತದೆ; ಕಿವಿಗೆ ಅದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟುವ ಮೆಟ್ಟಿಲು. ಹಳಗನ್ನಡ ನಡುಗನ್ನಡ ಕಾವ್ಯಗಳು ಕಠಿನವೆಂದು ದೂರುವ ವಿದ್ಯಾವಂತರು ಅವನ್ನು ಬಾಯಿ ಮುಚ್ಚಿಕೊಂಡು ಓದಿದವರು.

ಪುರಾಣಶ್ರವಣದ ಎರಡನೆಯ ಗುಣ, ಕೇಳುಗರು ಸುಮ್ಮನೆ ಕೇಳುತ್ತ ಕೂಡುವುದಿಲ್ಲವೆಂಬುದು. ಕಥೆಯಲ್ಲಿ ಮಹಾಪುರುಷನ ಜನನದ ಸಂದರ್ಭ ಬಂದ ದಿನ ನಿಜವಾದ ತೊಟ್ಟಿಲನ್ನೇ ಕಟ್ಟಿ, ತಾಯಂದಿರು ಜೋಗುಳ ಹಾಡಿ ತೂಗುತ್ತಾರೆ. ಪುರಾಣಿಕರು ನಡುವೆ ಪ್ರಶ್ನೆ ಎಸೆದರೆ ಸಭೆಯ ಮೂಲೆಯಿಂದ ಉತ್ತರ ಬರುತ್ತದೆ. ಕಡೆಯ ದಿನ ಪುರಾಣ ಮಂಗಲವೆಂದರೆ ಊರಿಗೆ ಊರೇ ಪ್ರಸಾದಕ್ಕೆ ಸೇರುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಈ ಸೀಮೆಗೆ ವಿಶೇಷವಾಗಿ ಕೂಡಿಬಂದಿದೆ. ಪುರಾಣದಲ್ಲಿ ಬರುವ ಊರುಗಳು ಕೇಳುಗರ ನಡೆದಾಡಿದ ಊರುಗಳು. ಬಾಗೇವಾಡಿ, ಇಂಗಳೇಶ್ವರಗಳು ನೆರೆಯ ಹಳ್ಳಿಗಳು; ಸಿದ್ಧರಾಮನ ಸೊನ್ನಲಿಗೆ ಇಂಡಿಯವರಿಗೆ ಭೀಮಾನದಿ ದಾಟಿದರೆ ಸಿಗುವ ಸೊಲ್ಲಾಪುರ; ನೀಲಮ್ಮ ತಾಯಿ ಐಕ್ಯಳಾದಳೆಂದು ನಂಬಿರುವ ತಂಗಡಗಿ ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ದಂಡೆಯ ಮೇಲಿದೆ. ಕಲ್ಯಾಣದಿಂದ ಸಂಗಮದ ಕಡೆಗೆ ಹೊರಟ ನೀಲಮ್ಮನ ಪ್ರಸಂಗವನ್ನು ಪುರಾಣಿಕರು ಹೇಳುವಾಗ ಕೇಳುಗರ ಕಣ್ಣ ಮುಂದೆ ನಿಲ್ಲುವ ಹೊಳೆ ಕವಿಕಲ್ಪಿತ ಹೊಳೆಯಲ್ಲ. ಅವರು ದೋಣಿಯಲ್ಲಿ ದಾಟಿದ ಹೊಳೆ. ಇಂಥ ಕೇಳುಗನಿಗೆ ವರ್ಣನೆ ಹೆಚ್ಚು ಬೇಕಾಗುವುದಿಲ್ಲ. ಹೆಸರು ಸಾಕು.

ಬಾನುಲಿ ಈ ಸೀಮೆಗೆ ಬೇರೊಂದು ಬಗೆಯ ಶ್ರವಣವನ್ನು ತಂದಿತು. ಮೈಸೂರಿನಲ್ಲಿ 1935ರಲ್ಲಿಯೇ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಪ್ರಯತ್ನದಿಂದ 'ಆಕಾಶವಾಣಿ'ಯೆಂಬ ಹೆಸರಿನ ಕೇಂದ್ರ ನಡೆಯತೊಡಗಿತ್ತಾದರೂ ಉತ್ತರದ ಈ ಭಾಗಕ್ಕೆ ತನ್ನದೆನ್ನಿಸುವ ಧ್ವನಿ ದೊರೆತುದು 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಆರಂಭವಾದ ಮೇಲೆ. ದ. ರಾ. ಬೇಂದ್ರೆಯವರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ದರು. ಎನ್ಕೆ ಕುಲಕರ್ಣಿಯವರಂಥ ಲೇಖಕರು ಅಲ್ಲಿ ದುಡಿದರು. ಕಂಪನಿ ನಾಟಕದ ಕಂಠಕ್ಕೆ ಒಗ್ಗಿದ್ದ ಜನರಿಗೆ ಬಾನುಲಿ ನಾಟಕ ಮೊದಮೊದಲು ಸಪ್ಪೆಯೆನ್ನಿಸಿದ್ದರೆ ಆಶ್ಚರ್ಯವಿಲ್ಲ. ಕಂಪನಿಯ ನಟ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸಬೇಕಾಗಿತ್ತು; ಆದುದರಿಂದ ಅವನ ದುಃಖವೂ ಗಟ್ಟಿಯಾಗಿ ಬರಬೇಕಾಗಿತ್ತು. ಧ್ವನಿಗ್ರಾಹಕದ ಮುಂದೆ ನಿಂತ ನಟನಿಗೆ ಕೇಳುಗ ಒಂದು ಗೇಣು ದೂರದಲ್ಲಿದ್ದಾನೆ. ಪಿಸುಮಾತೂ ಅವನಿಗೆ ಮುಟ್ಟುತ್ತದೆ. ಉಸಿರು ಎಳೆದುಕೊಂಡುದೂ ಮುಟ್ಟುತ್ತದೆ. ಧಾರವಾಡ ವಿಜಾಪುರಗಳ ಮನೆಮಾತು ಅದರ ಸಹಜವಾದ ಏರಿಳಿತದಲ್ಲಿ ಸಾಹಿತ್ಯದ ಮಾತಾಗಬಲ್ಲದೆಂಬ ಧೈರ್ಯವನ್ನು ಕನ್ನಡಿಗರಿಗೆ ಕೊಟ್ಟವುಗಳಲ್ಲಿ ಈ ಒಂದು ಗೇಣಿನ ದೂರವೂ ಸೇರಿದೆ.

ಬಾನುಲಿ ನಾಟಕದ ಸ್ವಭಾವವನ್ನು ತಿಳಿಯಲು ಅದರ ಹುಟ್ಟನ್ನು ನೆನೆಯಬಹುದು. ಬಿ.ಬಿ.ಸಿ. 1924ರ ಜನವರಿಯಲ್ಲಿ ಪ್ರಸಾರ ಮಾಡಿದ ರಿಚರ್ಡ್ ಹ್ಯೂಸ್‌ನ ಕಿರುನಾಟಕ ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲೊಂದು. ಅದು ನಡೆಯುವುದು ಕಲ್ಲಿದ್ದಲ ಗಣಿಯೊಂದರಲ್ಲಿ, ದೀಪ ಆರಿಹೋದ ಮೇಲೆ. ಪಾತ್ರಗಳಿಗೂ ಏನೂ ಕಾಣದು, ಕೇಳುಗನಿಗೂ ಕಾಣದು. ಕೊರತೆಯನ್ನೇ ವಸ್ತುವನ್ನಾಗಿ ಮಾಡಿಕೊಂಡ ಈ ಜಾಣತನವನ್ನು ಮುಂದೆ ಸ್ಯಾಮ್ಯುಯಲ್ ಬೆಕೆಟ್ ಇನ್ನೂ ಆಳಕ್ಕೆ ಒಯ್ದ. 1956ರಲ್ಲಿ ಬಾನುಲಿಗೆ ಬರೆದ ನಾಟಕವನ್ನು ರಂಗಕ್ಕೆ ಏರಿಸುವುದನ್ನು ಆತ ವಿರೋಧಿಸಿದ. ಕತ್ತಲಿನಿಂದ ಬರಬೇಕಾದ ದನಿಗಳಿಗೆ ದೇಹ ಬಂದರೆ ನಾಟಕ ಕೆಡುತ್ತದೆಂಬುದು ಅವನ ನಿಲುವು.

ಈ ನಿಲುವಿನಿಂದ ಶರಣಸಾಹಿತ್ಯದ ಕಡೆಗೆ ತಿರುಗಿದರೆ ಒಂದು ಸಂಗತಿ ಥಟ್ಟನೆ ಹೊಳೆಯುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಸಂಕಲಿಸಿ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ 'ಶೂನ್ಯಸಂಪಾದನೆ' ಆದ್ಯಂತವಾಗಿ ಸಂವಾದದ ಕೃತಿ. ಅಲ್ಲಿ ವರ್ಣನೆ ಅತ್ಯಲ್ಪ. ಸಂದರ್ಭವನ್ನು ಸೂಚಿಸುವ ಒಂದೆರಡು ಗದ್ಯವಾಕ್ಯ, ಆಮೇಲೆ ಮಾತಿಗೆ ಮಾತು. ನಾಟಕಕಾರನಿಗೆ ಮಾಡಲು ಉಳಿದ ಕೆಲಸ ಬಲು ಕಡಿಮೆ. ಬಾನುಲಿಗೆ ಇಷ್ಟು ಸಹಜವಾಗಿ ಒಗ್ಗುವ ಕೃತಿ ಕನ್ನಡದಲ್ಲಿ ಬೇರೊಂದಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿರುವ ಸಿದ್ಧರಾಮನನ್ನು ಅಲ್ಲಮಪ್ರಭು ಕೆಣಕುವ ಪ್ರಸಂಗವನ್ನು ನೋಡಬಹುದು: ಗುದ್ದಲಿಗಳ ಸದ್ದು, ಒಡ್ಡರ ಗದ್ದಲ, ತೂರಿಬರುವ ಕಲ್ಲುಗಳು, ಅವೆಲ್ಲದರ ನಡುವೆ ಏರದ ಒಂದೇ ಒಂದು ದನಿ. ರಂಗದ ಮೇಲೆ ಈ ಕಲ್ಲಿನ ಮಳೆಯನ್ನು ತೋರಿಸಹೊರಟರೆ ನಗೆಗೀಡಾಗುವ ಭಯವಿದೆ. ಕಿವಿಗೆ ಆ ಭಯವಿಲ್ಲ.

ಅಲ್ಲಮನ ಪಾತ್ರಕ್ಕಂತೂ ಬಾನುಲಿಯೇ ತಕ್ಕ ರಂಗ. ನಾಟಕ ಚಲಚ್ಚಿತ್ರಗಳಲ್ಲಿ ಪ್ರಭುವಿಗೆ ಜಟೆ, ಗಡ್ಡ, ಕಾವಿ ಅನಿವಾರ್ಯ. ಬಯಲನ್ನು ಕುರಿತು ಮಾತಾಡುವವನಿಗೆ ವೇಷ ಕಟ್ಟಿ ಬೆಳಕು ಚೆಲ್ಲಿ ನಿಲ್ಲಿಸಿದಾಗ ಮಾತಿಗೂ ಮೂರ್ತಿಗೂ ಹೊಂದಿಕೆ ತಪ್ಪುತ್ತದೆ. ಧ್ವನಿಯಲ್ಲಿ ಮಾತ್ರ ಇರುವ ಅಲ್ಲಮ ಎಲ್ಲಿಂದ ಬಂದನೆಂದೂ ತಿಳಿಯದು, ಎಲ್ಲಿ ಹೋದನೆಂದೂ ತಿಳಿಯದು. ಮಾತು ನಿಂತಲ್ಲಿ ಅವನಿಲ್ಲ. ಆದರೆ ಈ ಲಾಭವನ್ನು ಪಡೆಯಬೇಕಾದರೆ ನಿರ್ಮಾಪಕನಿಗೆ ಮೌನದ ಧೈರ್ಯ ಬೇಕು. ಧ್ವನಿಮಾಧ್ಯಮದಲ್ಲಿ ಕೆಲವು ಕ್ಷಣ ಏನೂ ಕೇಳಿಸದಿದ್ದರೆ ಯಂತ್ರ ಕೆಟ್ಟಿತೆಂದು ಕೇಳುಗ ಭಾವಿಸಿಯಾನು ಎಂಬ ಅಂಜಿಕೆ ಹಳೆಯದು. ಆ ಅಂಜಿಕೆಯ ಫಲವಾಗಿ ಎರಡು ಮಾತುಗಳ ನಡುವಿನ ಪ್ರತಿಯೊಂದು ತೆರಪನ್ನೂ ಕೊಳಲು, ಸಿತಾರುಗಳಿಂದ ತುಂಬುವ ಚಾಳಿ ಬೆಳೆದಿದೆ. ಶರಣರ ಜೀವನವನ್ನು ಕುರಿತ ರೂಪಕಗಳಲ್ಲಿ ಈ ಚಾಳಿ ಹೆಚ್ಚು. ಶೂನ್ಯವನ್ನು ಸಂಪಾದಿಸುವ ಕೃತಿಯಲ್ಲಿ ಒಂದು ನಿಮಿಷವೂ ಶೂನ್ಯವಿರಗೊಡದ ಹಿನ್ನೆಲೆ ಸಂಗೀತ ವಿಚಿತ್ರವಾದ ಭಕ್ತಿಯೇ ಸರಿ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ವಚನಗಾಯನದ್ದು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರ ಕಂಠದಿಂದ ವಚನಗಳು ಕನ್ನಡ ನಾಡಿನ ಮನೆಮನೆಗೆ ಹೋದವು. ಅವರಿಂದ ಆದ ಉಪಕಾರವನ್ನು ಅಳೆಯುವುದು ಶಕ್ಯವಿಲ್ಲ, ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ಕುಳಿತು ತಾಳೆಯ ಗರಿಗಳಿಂದ ಬಿಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವಾಗಿ ಅಚ್ಚಿಗೆ ಕೊಟ್ಟುದನ್ನು ಈ ಗಾಯಕರು ಅಚ್ಚಿನಿಂದ ಮತ್ತೆ ಬಾಯಿಗೆ ತಂದರು. ಆದರೂ ಒಂದು ಮಾತನ್ನು ಹೇಳಲೇಬೇಕು. ರಾಗಪದ್ಧತಿಗೆ ಪಲ್ಲವಿ ಬೇಕು, ವಚನಕ್ಕೆ ಪಲ್ಲವಿಯಿಲ್ಲ. ಗಾಯಕ ಮೊದಲ ವಾಕ್ಯವನ್ನು ಪಲ್ಲವಿಯಾಗಿ ಹಿಡಿದು ಮತ್ತೆ ಮತ್ತೆ ಅಲ್ಲಿಗೇ ಮರಳುತ್ತಾನೆ. ವಚನದ ವಾಕ್ಯಗಳಾದರೋ ಮರಳುವವುಗಳಲ್ಲ. ಉಪಮೆಯಿಂದ ಉಪಮೆಗೆ, ಪ್ರಶ್ನೆಯಿಂದ ಪ್ರಶ್ನೆಗೆ ಏರಿ, ಕಡೆಗೆ ಅಂಕಿತದ ಬಳಿ ಒಮ್ಮೆ ತಿರುಗಿ ನಿಲ್ಲುವ ತರ್ಕ ಅವುಗಳದು. ಬಸವಣ್ಣನವರ ಆತ್ಮನಿವೇದನೆಯ ವಚನಗಳು ಗಾಯನದಲ್ಲಿ ಬೆಳಗುತ್ತವೆ. ಅಲ್ಲಮನ ಬೆಡಗು, ಚೆನ್ನಬಸವಣ್ಣನವರ ಶಾಸ್ತ್ರವಿವೇಚನೆ, ಅಂಬಿಗರ ಚೌಡಯ್ಯನ ಚಾಟಿ ಇವು ರಾಗದ ಮಂಪರಿನಲ್ಲಿ ಮೊನೆ ಕಳೆದುಕೊಳ್ಳುತ್ತವೆ. ವಚನವೆಂಬ ಹೆಸರಿಗೇ ಮಾತೆಂದರ್ಥ. ಹಾಡಿದ ವಚನಗಳ ಮುದ್ರಿಕೆಗಳು ಅಸಂಖ್ಯಾತವಾಗಿರುವಲ್ಲಿ, ಆಡುವ ಮಾತಿನ ದನಿಯಲ್ಲಿ, ವಾಕ್ಯದ ತಿರುವನ್ನು ಅರಿತು ಓದಿದ ವಚನಗಳು ಬೆರಳೆಣಿಕೆಯಷ್ಟಾದರೂ ಸುಲಭವಾಗಿ ಸಿಗದಿರುವುದು ನಮ್ಮ ಶ್ರವಣಸಂಸ್ಕೃತಿಯ ದೊಡ್ಡ ಕೊರತೆ. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸಮಗ್ರ ವಚನಸಂಪುಟಗಳು ಹದಿನೈದು ಭಾಗಗಳಾಗಿ ಹೊರಬಂದವು. ಪಾಠಾಂತರಗಳನ್ನು ತೂಗಿನೋಡಿ ಒಂದೊಂದು ಶಬ್ದವನ್ನೂ ನಿರ್ಣಯಿಸಿದ ಆ ಶ್ರಮಕ್ಕೆ ಸರಿದೊರೆಯಾಗಿ, ಆ ಶಬ್ದವನ್ನು ಹೇಗೆ ಉಚ್ಚರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿಚಾರ ಇನ್ನೂ ನಡೆಯಬೇಕಾಗಿದೆ.

ಉಚ್ಚಾರದ ಮಾತು ಬಂದುದರಿಂದ ಹಲಸಂಗಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹಿಂದೆ ಇಂಡಿ ತಾಲೂಕಿನಲ್ಲಿದ್ದು ಈಗ ಚಡಚಣ ತಾಲೂಕಿಗೆ ಸೇರಿರುವ ಈ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಬಳಿ ಕುಳಿತು ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅವರು ಬರೆದಿಡದಿದ್ದರೆ ಆ ಸಂಪತ್ತು ಇಲ್ಲವಾಗುತ್ತಿತ್ತು. ಆದರೆ ಅಚ್ಚಿನಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿ ಬೀಸುವವಳ ಬಾಯಲ್ಲಿ ಮೂರು ಸಾಲಾಗಿರಲಿಲ್ಲ. ಎರಡನೆಯ ಸಾಲಿನ ಒಂದು ಭಾಗ ಮರುಕಳಿಸಿ ಹಾಡು ನಾಲ್ಕು ಸಾಲಾಗುತ್ತಿತ್ತು. ಆ ಮರುಕಳಿಕೆಯಲ್ಲಿಯೇ ಕಲ್ಲಿನ ಸುತ್ತೂ ತೋಳಿನ ಬಲವೂ ಮುಂದಿನ ಮಾತನ್ನು ಹುಡುಕಿಕೊಳ್ಳುವ ಬಿಡುವೂ ಇದ್ದವು. ಇಂದು ಯಾರಾದರೂ ಆ ಪುಸ್ತಕವನ್ನು ಧ್ವನಿಪುಸ್ತಕ ಮಾಡಲು ಹೊರಟು ಪುಟದಲ್ಲಿರುವ ಮೂರು ಸಾಲುಗಳನ್ನು ಬೆಂಗಳೂರಿನ ತಿದ್ದಿದ ಕನ್ನಡದಲ್ಲಿ ಓದಿ ಮುಗಿಸಿದರೆ, ಅಚ್ಚಿನಿಂದ ಆದ ನಷ್ಟ ಎರಡು ಪಟ್ಟಾಗುತ್ತದೆ. 1931ರ ಆ ತಾಯಂದಿರ ದನಿಯ ಮುದ್ರಿಕೆ ಇಲ್ಲ. ಅವರ ಮೊಮ್ಮಕ್ಕಳ ದನಿ ಇದೆ; ಗಿರಣಿ ಬಂದು ಬೀಸುವ ಕೆಲಸ ನಿಂತರೂ ಹಾಡು ಮರೆಯದ ಮುದುಕಿಯರು ಈ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ.

ಇಂದಿನ ಕನ್ನಡ ಧ್ವನಿಪುಸ್ತಕಗಳನ್ನು ಕುರಿತು ಹೇಳಬೇಕಾದ ಮುಖ್ಯ ಆಕ್ಷೇಪವೂ ಇದೇ. ಮೈಲ್ಯಾಂಗ್‌ನಂಥ ಕನ್ನಡದ ಪ್ರಯತ್ನಗಳಿಂದ ಕಾದಂಬರಿ, ಕಥೆ, ಪ್ರಬಂಧಗಳು ಕಿವಿಗೆ ದೊರೆಯುತ್ತಿವೆ, ಇದು ಸ್ವಾಗತಾರ್ಹ. ಆದರೆ ಓದುವ ದನಿಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: ಸ್ಪಷ್ಟ, ಮೃದು, ದೋಷರಹಿತ, ಊರಿಲ್ಲದ ದನಿಗಳು. ಭೀಮಾತೀರದ ಸಂಭಾಷಣೆಯನ್ನು ಆ ದನಿ ಓದುವಾಗ ಬೈಗಳವೂ ಸುದ್ದಿಯಂತೆ ಕೇಳಿಸುತ್ತದೆ. ಕೇಳುವ ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸಿಕೊಳ್ಳುವ ಅನುಕೂಲವೂ ಈ ಯಂತ್ರಗಳಲ್ಲಿದೆ. ಷಟ್ಪದಿಯ ಕೊನೆಯ ಗುರುವಿಗೆ ಇದಕ್ಕಿಂತ ದೊಡ್ಡ ಅಪಚಾರವನ್ನು ಊಹಿಸುವುದು ಕಷ್ಟ.

ಒಬ್ಬಂಟಿಯಾಗಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವುದರಿಂದ ಸಂಗದ ಭಾವ ಹೋಯಿತೆಂದು ಹಿರಿಯರು ಆಕ್ಷೇಪಿಸುತ್ತಾರೆ. ಈ ಆಕ್ಷೇಪದಲ್ಲಿ ಸತ್ಯವಿದೆಯಾದರೂ ಅದು ಪೂರ್ಣಸತ್ಯವಲ್ಲ. ಈ ತಾಲೂಕುಗಳಿಂದ ಗೋವೆ, ಪುಣೆ, ಮುಂಬಯಿಗಳಿಗೆ ದುಡಿಯಲು ಹೋದವರು ಕಟ್ಟಡದ ಕೆಲಸ ಮುಗಿಸಿ ತಗಡಿನ ಮನೆಯಲ್ಲಿ ರಾತ್ರಿ ಫೋನಿನಿಂದ ಪ್ರವಚನ ಕೇಳುವಾಗ ಅವರ ಸಂಗ ಅದೇ. ಕಣ್ಣಿಲ್ಲದವರ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ. ಇಂಗ್ಲೆಂಡಿನಲ್ಲಿ 1935ರಲ್ಲಿ ಮಾತನಾಡುವ ಪುಸ್ತಕಗಳು ಆರಂಭವಾದುದು ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಯೋಧರನ್ನು ಮುಖ್ಯವಾಗಿ ಲಕ್ಷಿಸಿ. ಅದಕ್ಕಿಂತ ಮೊದಲೇ ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕೂಡಿಸಿಕೊಂಡು ಬರಿಯ ಕಿವಿಯಿಂದ ಸಂಗೀತವನ್ನೂ ಸಾಹಿತ್ಯವನ್ನೂ ಕಲಿಸುತ್ತಿದ್ದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು ಸ್ವತಃ ಅಂಧರು, ಸ್ವತಃ ಪುರಾಣಗಳ ಕರ್ತೃಗಳು. ಉತ್ತರ ಕರ್ನಾಟಕದ ಪುರಾಣದ ಕಟ್ಟೆಗಳಲ್ಲಿ ಹಾಡುವ ಗವಾಯಿಗಳಲ್ಲಿ ಆ ಆಶ್ರಮದ ಶಿಷ್ಯರು ಎಷ್ಟೋ ಮಂದಿ. ಕಣ್ಣಿದ್ದವರು ಕಣ್ಣಿಲ್ಲದವರ ಬಾಯಿಂದ ಪುಸ್ತಕ ಕೇಳುವ ಈ ವ್ಯವಸ್ಥೆ ಜಗತ್ತಿನ ಬೇರಾವ ಭಾಗದಲ್ಲಿ ಇಷ್ಟು ಸಹಜವಾಗಿ ನೆಲೆಗೊಂಡೀತು?

ಕೇಳುವುದು ಸೋಮಾರಿಯ ಓದು ಎಂಬ ವಿದ್ವಾಂಸರ ತಾತ್ಸಾರಕ್ಕೆ ಉತ್ತರವನ್ನು ವಿಜಾಪುರದ ಜ್ಞಾನಯೋಗಾಶ್ರಮದ ನಿದರ್ಶನದಲ್ಲಿ ಕಾಣಬಹುದು. ಸಿದ್ಧೇಶ್ವರ ಸ್ವಾಮಿಗಳು ತಾರುಣ್ಯದಲ್ಲಿ ತಮ್ಮ ಗುರುಗಳಾದ ಮಲ್ಲಿಕಾರ್ಜುನ ಸ್ವಾಮಿಗಳ ಪ್ರವಚನಗಳನ್ನು ಕೇಳಿ, ಕೇಳಿದುದನ್ನು 'ಸಿದ್ಧಾಂತ ಶಿಖಾಮಣಿ'ಯೆಂಬ ಗ್ರಂಥವಾಗಿ ಅಣಿಗೊಳಿಸಿದರು. ಶ್ರವಣ ಮನನವಾಗಿ, ಮನನ ಗ್ರಂಥವಾದ ಕ್ರಮವಿದು. 2023ರ ಜನವರಿ 2ರಂದು ಅವರು ದೇಹ ಬಿಡುವವರೆಗೆ ಸಾವಿರಾರು ಜನ ನಸುಕಿನಲ್ಲಿ ಎದ್ದು ಬಂದು ಕೇಳಿದ ಅವರ ಪ್ರವಚನಗಳ ಮುದ್ರಿಕೆಗಳನ್ನು ವಿಮರ್ಶಕರು ಸಾಹಿತ್ಯಕೃತಿಗಳಂತೆಯೇ ಪರಿಶೀಲಿಸಬೇಕಾಗಿದೆ. ತಗ್ಗಿದ ದನಿ, ಸಣ್ಣ ವಾಕ್ಯ, ವಾಕ್ಯ ಮುಗಿದ ಮೇಲೆ, ಹೇಳಿದುದು ತಮಗೇ ಈಗ ಹೊಳೆಯಿತೆಂಬಂತೆ ಒಂದು ನಿಲುಗಡೆ. ಬರಹಕ್ಕಿಳಿಸಿದ ಅದೇ ಪ್ರವಚನವನ್ನು ಓದಿದರೆ ಸರಳ ನೀತಿಬೋಧೆಯೆನ್ನಿಸಬಹುದಾದ ಭಾಗಗಳು ಕೇಳುವಾಗ ಹಾಗೆನ್ನಿಸುವುದಿಲ್ಲ, ಏಕೆಂದರೆ ಆ ನಿಲುಗಡೆಯನ್ನು ಅಚ್ಚು ಮಾಡಲು ಬರುವುದಿಲ್ಲ.

ಬಾಗೇವಾಡಿಯ ಬಳಿಯ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾರೆ. ಕಲ್ಲು ಬಹುಕಾಲ ಬಾಳುತ್ತದೆ. ಧ್ವನಿಸುರುಳಿ ಹಾಗಲ್ಲ, ಮೂವತ್ತು ನಲವತ್ತು ವರ್ಷಗಳಿಗೆ ಅದರ ಕಾಂತಲೇಪ ಉದುರುತ್ತದೆ, ಪಟ್ಟಿ ಅಂಟಿಕೊಳ್ಳುತ್ತದೆ, ಅದನ್ನು ನುಡಿಸುವ ಯಂತ್ರವೇ ಸಿಗದಾಗುತ್ತದೆ. 1980ರ ದಶಕದಲ್ಲಿ ಊರೂರಿನ ಭಕ್ತರು ಮಡಿಲಲ್ಲಿಟ್ಟುಕೊಂಡು ಮುದ್ರಿಸಿದ ಪುರಾಣ ಪ್ರವಚನಗಳ ಸುರುಳಿಗಳು ಮಠಗಳ ಕಪಾಟುಗಳಲ್ಲಿಯೂ ಮನೆಗಳ ಜಂತಿಯ ಮೇಲೂ ಧೂಳು ತಿನ್ನುತ್ತ ಬಿದ್ದಿವೆ. ಅವುಗಳಲ್ಲಿ ಇಂದು ಇಲ್ಲದ ಪುರಾಣಿಕರ ದನಿಗಳಿವೆ. ನಡುನಡುವೆ ಮಗುವಿನ ಅಳು, ಮುದುಕನ ಕೆಮ್ಮು, ಹರಹರ ಮಹಾದೇವ ಎಂಬ ಸಭೆಯ ಘೋಷ ಇವೆ. ಗಣಕಕ್ಕೆ ಏರಿಸುವವರು ಇವನ್ನು ಗದ್ದಲವೆಂದು ಸೋಸಿ ತೆಗೆಯದಿರಲಿ. ಆ ದನಿಗಳಿಂದಲೇ ಪುರಾಣಿಕರು ಎಲ್ಲಿ ನಿಂತರು, ಏಕೆ ನಿಂತರು, ಯಾರಿಗಾಗಿ ಒಂದು ಪದ್ಯವನ್ನು ಎರಡು ಸಲ ಹೇಳಿಸಿದರು ಎಂಬುದು ತಿಳಿಯುತ್ತದೆ.

ಹೊಸದಾಗಿ ಮಾಡುವುದಾದರೆ ಶೂನ್ಯಸಂಪಾದನೆಯ ಮುಕ್ತಾಯಕ್ಕನ ಪ್ರಸಂಗದಿಂದ ಮೊದಲಾಗಬಹುದು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಅಳುತ್ತಿರುವ ತಂಗಿ, ಅವಳನ್ನು ಸಂತೈಸದೆ ಪ್ರಶ್ನಿಸುವ ಅಲ್ಲಮ, ಇಬ್ಬರೇ. ಪಾತ್ರಧಾರಿಗಳು ಈ ಸೀಮೆಯವರಾಗಿರಲಿ, ಇಲ್ಲಿಯ ಮಾತಿನ ಎಳೆತ ಅವರ ದನಿಯಲ್ಲಿರಲಿ. ಹಿನ್ನೆಲೆಗೆ ತಂಬೂರಿಯ ಶ್ರುತಿಯೂ ಬೇಡ.